ಡೋಲಿನ ಹೋರಾಟಗಾರ

ತನಿಯಪ್ಪ, ಯಾರಿವನು ತನಿಯಪ್ಪ, ಕಾಲೇಜಿನ ಗೇಟಿಗೆ ಕಟ್ಟಿದ ಬ್ಯಾನರು ಗಾಳಿಗೆ ಹೊಟ್ಟೆ ಉಬ್ಬಿಸುತ್ತದೆ, ಮತ್ತೆ ಒಳಗೆಳೆದುಕೊಳ್ಳುತ್ತದೆ, ಉಬ್ಬಿದಾಗ ಪೂರ್ತಿ ಓದಬಹುದು, ಡೋಲಿನ ಹೋರಾಟಗಾರ ದಿವಂಗತ ಶ್ರೀ ತನಿಯಪ್ಪನವರ ಸಂಸ್ಮರಣಾ ಸಮಾರಂಭ, ಒಳಗೆಳೆದುಕೊಂಡಾಗ ಮಡಿಕೆಯಲ್ಲಿ ತನಿಯ ಹೋಗಿ ಅಪ್ಪ ಮಾತ್ರ ಉಳಿಯುತ್ತಾನೆ — ನನ್ನ ಮಾವನ ಹೆಸರು ತನಿಯ, ಬರೀ ತನಿಯ, ಶನಿವಾರ ಹುಟ್ಟಿದ ಕೊರಗರ ಹುಡುಗನಿಗೆ ಇಡುವ ಹೆಸರು, ಶುಕ್ರವಾರದವನು ತುಕ್ರ, ಮಂಗಳವಾರದವನು ಅಂಗಾರ, ಭಾನುವಾರದ ನಾನು ಐತ, ವಾರಕ್ಕೆ ಎಷ್ಟು ದಿನವೋ ನಮಗೆ ಅಷ್ಟೇ ಹೆಸರು, ಅದರಲ್ಲಿ ಒಂದನ್ನೂ ಈ ಕಾಲೇಜಿನವರಿಗೆ ಇದ್ದ ಹಾಗೆ ಬರೆಯಲಿಕ್ಕೆ ಕೈ ಬರುವುದಿಲ್ಲ, ಒಂದು ಅಪ್ಪನನ್ನು ಸೇರಿಸಿದರೆ ಗೌರವ ಬರುತ್ತದೆಂದು ತಿಳಿದಿದ್ದಾರೆ, ನನ್ನ ಶಾಲೆಯ ಹೆಡ್‌ಮಾಸ್ತರರೂ ಹೀಗೆಯೇ ನನ್ನನ್ನು ರವೀಂದ್ರ ಮಾಡಿದ್ದು, ಐತ ಅಂತ ಹೆಸರಾ ಮಾರಾಯ, ಹಾಜರಿ ಕರೀಲಿಕ್ಕೆ ನಂಗೆ ನಾಚಿಕೆ ಆಗ್ತದೆ ಎಂದರು, ಅವರಿಗೆ ನಾಚಿಕೆಯಾಗಿ ನನ್ನ ಹೆಸರು ಹೋಯಿತು, ಈಗ ಇವರಿಗೆ ಗೌರವ ಉಕ್ಕಿ ಮಾವನ ಹೆಸರು ಹೋಗಿದೆ — ಡೋಲಿನ ಹಗ್ಗ ಕುತ್ತಿಗೆಗೆ ಕೊರೆಯುತ್ತಿದೆ, ಇದು ನನಗೆ ಮರೆತುಹೋಗಿತ್ತು, ಹಗ್ಗ ಎಲ್ಲಿ ಕೂರುತ್ತದೆ, ಎಲ್ಲಿ ಚರ್ಮ ಸುಲಿಯುತ್ತದೆ, ನನಗೆ ಮರೆತಿತ್ತು, ಕುತ್ತಿಗೆಗೆ ಮರೆತಿಲ್ಲ, ತನ್ನಷ್ಟಕ್ಕೆ ಮುಂದೆ ಬಾಗಿ ಹಗ್ಗಕ್ಕೆ ಜಾಗ ಮಾಡಿಕೊಟ್ಟಿದೆ, ಥೂ, ನೆಟ್ಟಗೆ ನಿಲ್ಲು ಎಂದು ಕುತ್ತಿಗೆಗೆ ಹೇಳುತ್ತೇನೆ, ಬಾಗುವ ಕೆಲಸ ಇವತ್ತಿಲ್ಲ, ಇವತ್ತು ಬೇರೆ ಕೆಲಸ ಉಂಟು.

ಮುಖ್ಯ ಅತಿಥಿಯ ಕಾರು ಇನ್ನೂ ಬಂದಿಲ್ಲ, ಬಿಸಿಲು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದೆ, ನರಿಕೊಂಬಿನ ನಮ್ಮ ಕಾಲನಿಯ ಗಂಡಸರೆಲ್ಲ ಸಾಲಾಗಿ ನಿಂತಿದ್ದಾರೆ, ಎಲ್ಲರ ತಲೆಗೂ ಕಾಲೇಜಿನವರು ಕೊಟ್ಟ ಹಳದಿ ಮುಂಡಾಸು, ತುಕ್ರಜ್ಜನದು ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿದೆ, ಅಜ್ಜ ಅದರ ಕೆಳಗಿಂದ ಇಣುಕಿ ನೋಡುತ್ತಾನೆ, ರಸ್ತೆಯಾಚೆ ಇರ್ಷಾದ್ ತನ್ನ ಟೆಂಪೋಗೆ ಒರಗಿ ನೆಲಗಡಲೆ ಸುಲಿಯುತ್ತಿದ್ದಾನೆ, ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ನಮ್ಮನ್ನು ಡೋಲಿನ ಸಮೇತ ತುಂಬಿಕೊಂಡು ಬಂದವನು ಅವನೇ, ಮುಂಡಾಸಿನಲ್ಲಿ ಮದುಮಗನ ಹಾಗೆ ಕಾಣ್ತಿ ಮಾರಾಯ, ಹೆಣ್ಣು ಎಲ್ಲಿ ಎಂದು ಅಲ್ಲಿಂದಲೇ ಕೂಗಿದ, ಹೆಣ್ಣು ಕಾರಲ್ಲಿ ಬರ್ತಾ ಉಂಟು ಎಂದೆ ನಾನು, ಅವನು ನಕ್ಕ, ಮತ್ತೆ ನನ್ನ ಮುಖ ನೋಡಿ ನಗು ನಿಲ್ಲಿಸಿದ, ನಿನ್ನ ಕಣ್ಣು ಸರಿ ಇಲ್ಲ ಇವತ್ತು, ನೋಡು ಐತ, ಏನಾದ್ರೂ ಗಲಾಟೆ ಮಾಡುವುದಾದ್ರೆ ಮೊದಲೇ ಹೇಳು, ನಾನು ಟೆಂಪೋ ತಕ್ಕೊಂಡು ಹೋಗ್ತೇನೆ, ನೀನು ಹೊಡೆದ್ರೂ ಠಾಣೆಯಲ್ಲಿ ಮೊದಲು ಬರೆಯುವ ಹೆಸರು ಇರ್ಷಾದ್, ಗೊತ್ತುಂಟಲ್ಲ ನಿಂಗೆ — ಗೊತ್ತುಂಟು, ಅವನ ಬ್ಯಾರಿ ಹೆಸರೂ ನನ್ನ ವಾರದ ಹೆಸರೂ ಠಾಣೆಯ ಬಾಗಿಲಲ್ಲಿ ಅಣ್ಣತಮ್ಮ, ಅವನ ಅಜ್ಜ ಇದಿನಬ್ಬ ಪಾಣೆಮಂಗಳೂರಿನ ಹತ್ತಿರ ಚಹಾದ ಹೋಟೆಲು ಇಟ್ಟಿದ್ದವರು, ಮಾವನಿಗೆ ಮೊದಲು ಗಾಜಿನ ಗ್ಲಾಸಿನಲ್ಲಿ ಚಹಾ ಕೊಟ್ಟವರು ಅವರು, ಉಳಿದ ಕಡೆ ತೆಂಗಿನ ಗೆರಟೆಯಲ್ಲಿ, ಹೊರಗೆ ಅಂಗಳದಲ್ಲಿ ಕೂತು, ಮಾವ ಹೇಳುತ್ತಿದ್ದ, ಆ ಗ್ಲಾಸು ಎಷ್ಟು ಬಿಸಿ ಇತ್ತು ಗೊತ್ತುಂಟಾ, ಹಿಡಿಯುವುದು ಹೇಗೆ ಅಂತಲೇ ನಂಗೆ ಗೊತ್ತಿರ್ಲಿಲ್ಲ, ಇದಿನಬ್ಬ ನೋಡಿದ್ರು, ಮೇಲಿನ ಅಂಚು ಹಿಡಿ ತನಿಯ, ಗೆರಟೆ ಅಲ್ಲ ಅದು ಎಂದರು, ಅಷ್ಟೇ, ಬೇರೆ ಏನೂ ಹೇಳಲಿಲ್ಲ, ಭಾಷಣ ಇಲ್ಲ, ಬ್ಯಾನರು ಇಲ್ಲ, ಹಳದಿ ಮುಂಡಾಸು ಇಲ್ಲ.

ಸಾತ್ವಿಕಾ ಮೇಡಂ ಬಿಳಿ ಸೀರೆಗೆ ಕೆಂಪು ಬ್ಯಾಡ್ಜು ಚುಚ್ಚಿಕೊಂಡು ಗೇಟಿನಿಂದ ಸಭಾಂಗಣಕ್ಕೆ, ಸಭಾಂಗಣದಿಂದ ಗೇಟಿಗೆ ಓಡುತ್ತಿದ್ದಾರೆ, ಒಳ್ಳೆಯವರು, ಅದೇ ತಾಪತ್ರಯ, ಕೆಟ್ಟವರಾಗಿದ್ದರೆ ಸುಲಭ ಇತ್ತು, ಹೋದ ತಿಂಗಳು ಮಕ್ಕಳನ್ನು ಕರೆದುಕೊಂಡು ಕಾಲನಿಗೆ ಬಂದರು, ಚಾಪೆಯ ಮೇಲೆಯೇ ಕೂತರು, ಅಮ್ಮ ಕೊಟ್ಟ ನೀರನ್ನು ಪೂರ್ತಿ ಕುಡಿದರು, ಮತ್ತೆ ಹೇಳಿದರು, ಹಳೆಯ ಪತ್ರಿಕೆಯೊಂದರಲ್ಲಿ ಓದಿದೆ, ತನಿಯನ ಡೋಲಿನ ಹೋರಾಟ ಅಂತ ಇತ್ತು, ಎಂಥ ಮನುಷ್ಯ, ಡೋಲಿಗಾಗಿ ಇಷ್ಟು ಹೋರಾಡಿದ್ದಾರೆ, ಅವರ ನೆನಪಿನ ದಿನ ಗೇಟಿನಿಂದ ವೇದಿಕೆವರೆಗೆ ಡೋಲಿನ ಮೆರವಣಿಗೆ ಆಗ್ಲೇಬೇಕು, ನಿಮ್ಮ ಕಲೆ ಉಳಿಯಬೇಕಲ್ಲ — ಡೋಲಿಗಾಗಿ, ಡೋಲಿಗಾಗಿ ಎಂದರು, ನಾನು ಬಾಗಿಲಲ್ಲಿ ಕೂತು ಕೇಳುತ್ತಿದ್ದೆ, ಡೋಲಿನ ಹೋರಾಟ ಅಂದರೆ ಡೋಲಿನ ಪರವೋ ವಿರುದ್ಧವೋ ಪತ್ರಿಕೆಯವರು ಬರೆದಿರಲಿಲ್ಲ, ಓದುವವರು ತಮಗೆ ಇಷ್ಟವಾದದ್ದನ್ನು ತುಂಬಿಕೊಂಡರು, ನನ್ನ ಮಾವ ಬಂಟ್ವಾಳದಿಂದ ಚಾರ್ಮಾಡಿಯವರೆಗೆ ಗುಡಿಸಲು ಗುಡಿಸಲಿಗೆ ನಡೆದದ್ದು ಡೋಲನ್ನು ಕುತ್ತಿಗೆಯಿಂದ ಇಳಿಸಲಿಕ್ಕೆ ಮೇಡಂ, ಹಾಕಲಿಕ್ಕಲ್ಲ, ಜಾತ್ರೆ ಎಂದರೆ ಕರೆ, ಹೆಣ ಎಂದರೆ ಕರೆ, ಕಂಬಳ ಎಂದರೆ ಕರೆ, ಕರೆದವನ ಅಂಗಳದಲ್ಲಿ ಬಡಿ, ಅಂಗಳದ ಹೊರಗೆ ತಿನ್ನು, ಅದಕ್ಕೆಲ್ಲ ಅಜಲು ಎಂದು ಹೆಸರು, ಆ ಅಜಲನ್ನು ಸರಕಾರ ಕಾನೂನು ಮಾಡಿ ನಿಲ್ಲಿಸುವ ಎಷ್ಟೋ ಮೊದಲು ಮಾವ ಬಾಯಿಯಲ್ಲೇ ನಿಲ್ಲಿಸಿದ್ದ, ನಮಗೆ ಬೇಕಾದಾಗ ಬಡಿಯುವ, ಅವರು ಕರೆದಾಗ ಬೇಡ, ಇಷ್ಟೇ ಅವನ ಭಾಷಣ, ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು — ಹೇಳಬೇಕು ಎಂದು ಬಾಯಿ ತೆರೆದೆ, ಅಷ್ಟರಲ್ಲಿ ತುಕ್ರಜ್ಜ ಎದ್ದು ನಿಂತು ಕೈ ಕಟ್ಟಿ, ಎಲ್ಲಿಗೆ ಬರಬೇಕು ಅಕ್ಕಾ, ಯಾವಾಗ ಬರಬೇಕು, ಒಗೆದ ಬಟ್ಟೆ ಹಾಕಿಕೊಂಡು ಯಾರು ಬಂದರೂ ಅಜ್ಜನ ಬಾಯಲ್ಲಿ ಈ ಎರಡೇ ಪ್ರಶ್ನೆ, ಮೇಡಂ ಖುಷಿಯಾಗಿ ದಿನ ಹೇಳಿದರು, ಹೊತ್ತು ಹೇಳಿದರು, ಮುಖ್ಯ ಅತಿಥಿ ನಮ್ಮ ಕಾಲೇಜಿನ ಟ್ರಸ್ಟಿ, ಬೆಳ್ತಂಗಡಿಯ ಗುತ್ತಿನ ಮನೆಯವರು, ಹಳೆಯ ಜಮೀನ್ದಾರರು, ಸುಧಾಕರ ಅಂತ, ತನಿಯಪ್ಪನವರನ್ನು ಬಾಲ್ಯದಿಂದ ಬಲ್ಲವರಂತೆ ಎಂದರು. ನಾನು ಬಾಯಿ ಮುಚ್ಚಿದೆ. ಮತ್ತೆ ತೆರೆದೆ, ನಾನೂ ಬರ್ತೇನೆ ಎಂದೆ.

ಅಮ್ಮ ಆ ದಿನ ಒಲೆಯ ಮುಂದಿನಿಂದ ಎದ್ದು ಬಂದಳು, ನೀನು ಎಲ್ಲಿಗೆ, ಡೋಲಿಗೆ ಎಂದೆ, ನನ್ನ ತಮ್ಮನಿಗೆ ಕೊಟ್ಟ ಮಾತು ಎಲ್ಲಿಟ್ಟಿ, ಇದು ಬೇರೆ ಅಮ್ಮ, ಏನು ಬೇರೆ, ಹಗ್ಗ ಬೇರೆಯಾ, ಕುತ್ತಿಗೆ ಬೇರೆಯಾ, ಮನಸ್ಸಿನಲ್ಲಿದ್ದದ್ದನ್ನು ಹೇಳಿದರೆ ಕಾಲು ಹಿಡಿಯುತ್ತಿದ್ದಳು, ಇವತ್ತು ಬೆಳಿಗ್ಗೆ ಹೊರಡುವಾಗ ಗೋಡೆಗೆ ಮುಖ ಮಾಡಿ ಬುಟ್ಟಿ ಹೆಣೆಯುತ್ತಿದ್ದಳು, ಬಳ್ಳಿಯ ಬೀಳಲು ಕಟಕ್ಕೆಂದು ಮುರಿಯಿತು, ಅವಳ ಕೈಯಲ್ಲಿ ಬೀಳಲು ಮುರಿಯುವುದಿಲ್ಲ ಎಂದೂ — ಮಾತು ಕೊಟ್ಟದ್ದು ಹೌದು, ಶಾಲೆಯ ಮೈದಾನದಲ್ಲಿ, ಸ್ಪೋರ್ಟ್ಸ್ ಡೇ, ಏಳನೆಯ ಕ್ಲಾಸು, ಎಲ್ಲರೂ ಓಡುವುದಕ್ಕೆ ಸಾಲು ನಿಂತಿದ್ದರು, ನಾನೂ ನಿಂತಿದ್ದೆ, ನಾನು ಜೋರಾಗಿ ಓಡುತ್ತಿದ್ದೆ, ಹೆಡ್‌ಮಾಸ್ತರರು ಬಂದು ಏ ರವೀಂದ್ರ ನೀನಿಲ್ಲಿ ಯಾಕೆ, ನಿಂಗೆ ಬೇರೆ ಕೆಲಸ ಉಂಟು ಎಂದು ಸಾಲಿನಿಂದ ಎಳೆದು ಡೋಲು ಹಾಕಿದರು, ಗೆದ್ದವರು ಬರುವಾಗ ಬಡಿಯಬೇಕು, ಬಡಿದೆ, ನನಗೆ ಬೇಸರವೂ ಆಗಲಿಲ್ಲ, ಚೆನ್ನಾಗಿ ಬಡಿಯುತ್ತೇನೆಂದು ಹೆಮ್ಮೆಯೇ ಆಯಿತು, ಆಗ ಮೈದಾನದ ನಡುವಿನಿಂದ ಮಾವ ನಡೆದು ಬಂದ, ಅರ್ಧ ತೋಳಿನ ಬಿಳಿ ಶರ್ಟು, ಒಂದು ಕಡೆಗೆ ವಾಲಿದ ತಲೆ, ಯಾರನ್ನೂ ಕೇಳಲಿಲ್ಲ, ನನ್ನ ಕುತ್ತಿಗೆಯಿಂದ ಹಗ್ಗ ತೆಗೆದು ಡೋಲನ್ನು ಮಾಸ್ತರರ ಕಾಲ ಬುಡದಲ್ಲಿ ಮೆಲ್ಲ ಇಟ್ಟ, ಮಗುವನ್ನು ಮಲಗಿಸಿದ ಹಾಗೆ, ಡೋಲಿನ ಮೇಲೆ ನಂಗೆ ಸಿಟ್ಟಿಲ್ಲ ಮಾಸ್ತ್ರೇ ಎಂದ, ನನ್ನ ಕಡೆ ತಿರುಗಿ, ಇನ್ನು ಯಾರು ಕರೆದರೂ ಹಾಕಬಾರದು, ಹೇಳು ಎಂದ, ಹಾಕುವುದಿಲ್ಲ ಮಾವ ಎಂದೆ, ಮರುದಿನ ಮಾಸ್ತರರು ಹಾಜರಿಯಲ್ಲಿ ನನ್ನ ಹೆಸರು ಕರೆಯಲಿಲ್ಲ, ಅದರ ಮರುದಿನವೂ ಇಲ್ಲ, ಐತನೂ ಅಲ್ಲ ರವೀಂದ್ರನೂ ಅಲ್ಲ, ಕರೆಯದ ಹುಡುಗ ಎಷ್ಟು ದಿನ ಹೋಗಿ ಕೂರುತ್ತಾನೆ, ಬಿಟ್ಟೆ, ಮಾವ ಬೈದ, ಅತ್ತ, ಓದು ಮಾರಾಯ ನೀನು ಎಂದು ನನ್ನ ಕಾಲನ್ನೇ ಮುಟ್ಟಲಿಕ್ಕೆ ಬಂದ, ನಾನು ಹೋಗಿ ನೇತ್ರಾವತಿಯಲ್ಲಿ ಹೊಯ್ಗೆ ತೆಗೆಯುವ ದೋಣಿ ಹತ್ತಿದೆ, ಈಗಲೂ ಅದೇ, ಬುಟ್ಟಿ ಹಿಡಿದು ಮುಳುಗುವುದು, ತಳದಿಂದ ಮರಳು ಬಾಚುವುದು, ಏಳುವುದು, ಮುಳುಗಿದಾಗಲೆಲ್ಲ ಸುಧಾಕರನ ತಲೆಯನ್ನು ನೀರಿನೊಳಗೆ ಹಿಡಿದಿರುತ್ತೇನೆ, ಒದ್ದಾಡಲಿ, ಗುಳ್ಳೆ ಬರಲಿ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ನನಗೇ ಉಸಿರು ಕಟ್ಟಿ ಮೇಲೆ ಬರಬೇಕಾಗುತ್ತದೆ, ಹೀಗೆ ದಿನವೂ ಅವನು ಬದುಕಿಕೊಳ್ಳುತ್ತಾನೆ.

ತಲೆ ವಾಲಿದ್ದು ಯಾಕೆ, ಅದನ್ನು ಯಾವ ಬ್ಯಾನರಿನಲ್ಲಿ ಬರೆಯುತ್ತಾರೆ, ತೊಂಬತ್ತಮೂರು, ಆಗ ನಾವಿದ್ದದ್ದು ಬೆಳ್ತಂಗಡಿಯ ಕಡೆ, ಗುತ್ತಿನವರ ಗುಡ್ಡದ ಬದಿಯಲ್ಲಿ, ಅವರ ಗದ್ದೆಯಲ್ಲಿ ವರ್ಷಕ್ಕೊಂದು ಕಂಬಳ, ಕೋಣಗಳನ್ನು ಓಡಿಸುವ ಹಿಂದಿನ ದಿನ ಸಂಜೆಯಿಂದ ನಮ್ಮವರು ಗದ್ದೆಯ ಬದುವಿನಲ್ಲಿ ಕೂತು ಡೋಲು ಬಡಿಯಬೇಕು, ಇಬ್ಬನಿ ಮೈಮೇಲೆ ಬೀಳಬೇಕು, ಪನಿ ಕೂರುವುದು ಎನ್ನುತ್ತಾರೆ, ಬೆಳಿಗ್ಗೆ ಕೋಣಕ್ಕಿಂತ ಮೊದಲು ನಮ್ಮನ್ನು ಕೆಸರಿನಲ್ಲಿ ಓಡಿಸುತ್ತಾರೆ, ಗಾಜೋ ಮುಳ್ಳೋ ಇದ್ದರೆ ಕೋಣದ ಕಾಲಿಗೆ ತಾಗಬಾರದಲ್ಲ, ಆ ಸಂಜೆ ಕರೆಯಲು ಬಂದವನಿಗೆ ಮಾವ ಇಲ್ಲ ಎಂದ, ಈ ವರ್ಷ ನಮ್ಮವರು ಯಾರೂ ಬರುವುದಿಲ್ಲ, ಧಣಿಗಳಿಗೆ ಹೇಳಿ, ಧಣಿ ಬರಲಿಲ್ಲ, ಮಗ ಬಂದ, ಸುಧಾಕರ, ಮುಂಬೈಯ ಹೋಟೆಲಿನಿಂದ ಕಂಬಳಕ್ಕೆಂದೇ ಬಂದವನು, ಬಿಳಿ ಪ್ಯಾಂಟು, ಕಪ್ಪು ಕನ್ನಡಕವನ್ನು ಶರ್ಟಿಗೆ ಸಿಕ್ಕಿಸಿಕೊಂಡಿದ್ದ, ಏನಾ ತನಿಯ, ಡೋಲು ಕೇಳ್ತಾ ಇಲ್ಲ, ಕಿವಿಗೆ ಏನಾದ್ರೂ ಆಗಿದೆಯಾ ನಂಗೆ, ಕಿವಿ ಸರಿ ಉಂಟು ಧಣಿ, ಡೋಲು ಇಲ್ಲ ಎಂದ ಮಾವ, ಸುಧಾಕರ ನಕ್ಕ, ಸುತ್ತಲಿದ್ದವರನ್ನು ನೋಡಿ ನಕ್ಕ, ಹಾಗಾದ್ರೆ ನಿನ್ನ ಕಿವಿ ನೋಡುವ ಎಂದು ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಒಂದೇ ಏಟು, ಎಡ ಕಿವಿಯ ಮೇಲೆ, ಮಾವ ಬೀಳಲಿಲ್ಲ, ನಿಂತಲ್ಲೇ ಒಂದು ಸುತ್ತು ತಿರುಗಿದ, ಅಷ್ಟೇ, ಅಮ್ಮನ ಸೀರೆಯ ಹಿಂದಿನಿಂದ ನಾನು ನೋಡಿದ್ದೇನೆ, ಕಿವಿಯಿಂದ ಒಂದು ಎಳೆ ರಕ್ತ ಕುತ್ತಿಗೆಗೆ ಇಳಿದದ್ದು — ಸರಕಾರಿ ಆಸ್ಪತ್ರೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ಕಿವಿಯ ತಮಟೆ ಹರಿದಿದೆ ಎಂದರು, ಮಾವನಿಗೆ ಅರ್ಥವಾಗಲಿಲ್ಲ, ತಮಟೆಯಾ, ಎಲ್ಲಿ, ನಾನು ಬಿಟ್ಟಿದ್ದೇನಲ್ಲ ಅದೆಲ್ಲ, ಡಾಕ್ಟರು ಹೇಳಿದರು, ಕಿವಿಯ ಒಳಗೆ ಒಂದು ಚರ್ಮ ಉಂಟು ಮಾರಾಯ, ಅದಕ್ಕೆ ತಮಟೆ ಅಂತ ಹೇಳುವುದು, ಎಲ್ಲರಿಗೂ ಉಂಟು, ಮಾವ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಜೋರಾಗಿ ನಕ್ಕ, ಎಲ್ಲರಿಗೂ ಉಂಟಾ, ಧಣಿಗಳಿಗೂ ಉಂಟಾ, ಹಾಗಾದ್ರೆ ನಾವು ಮಾತ್ರ ಯಾಕೆ ಹೊರಗೆ ಹೊರುವುದು — ಪೊಲೀಸಿಗೆ ಕೊಟ್ಟ ದೂರು ಎಲ್ಲಿ ಹೋಯಿತೋ, ನೋಡಿದವರು ನೋಡಿಲ್ಲ ಎಂದರು, ತುಕ್ರಜ್ಜನೂ ಎಂದ, ನಾವು ಗಂಟು ಕಟ್ಟಿ ನರಿಕೊಂಬಿನ ಹೊಳೆಬದಿಗೆ ಬಂದೆವು, ಮಾವ ಸಾಯುವವರೆಗೂ ಬಲ ಕಿವಿಯನ್ನು ಜನರ ಕಡೆಗೆ ಚಾಚಿ ತಲೆ ವಾಲಿಸಿಯೇ ಮಾತು ಕೇಳಿದ, ಕೊನೆಯಲ್ಲಿ ಕೆಮ್ಮಿ ಕೆಮ್ಮಿ ಉಸಿರಿಲ್ಲದೆ ಹೋದ, ಹೆಣದ ಮುಂದೆ ಡೋಲು ಇರಲಿಲ್ಲ, ಅದು ಅವನು ಗೆದ್ದದ್ದು. ಸುಧಾಕರನ ಎರಡೂ ಕಿವಿ ಗಟ್ಟಿ ಇವೆ. ಇವತ್ತು ನೋಡುವ. ನನ್ನ ಲೆಕ್ಕ ಇಷ್ಟೇ, ಅವನ ಕಿವಿಯ ಹತ್ತಿರ ನಿಲ್ಲಬೇಕು, ಎಡ ಕಿವಿ, ಅವನ ಕಾಲೇಜೇ ಕರೆಸಿದ ಡೋಲು, ಅವನು ಕೈ ಮುಗಿದು ಸಾಕು ಎನ್ನುವವರೆಗೆ, ಆಮೇಲೂ, ಒಳಗಿನ ಆ ಚರ್ಮ ಪಟಕ್ಕೆನ್ನುವವರೆಗೆ, ಅದಕ್ಕೂ ಆಗದಿದ್ದರೆ ಕೋಲು ಉಂಟು ಕೈಯಲ್ಲಿ, ಕೋಲಿಗೆ ತುದಿ ಉಂಟು.

ಬಂತು ಕಾರು, ಬಿಳಿ ಕಾರು, ಮೇಡಂ ಕೈ ಬೀಸಿದರು, ತುಕ್ರಜ್ಜನ ಕೋಲು ಬಿತ್ತು, ಎಲ್ಲರ ಕೋಲೂ ಬಿತ್ತು, ನನ್ನದೂ, ನಾನು ಬಡಿಯಲಿಲ್ಲ, ಕೈ ಬಡಿಯಿತು, ಬಾಗಿಲು ತೆರೆದು ಮೊದಲು ಒಂದು ಕಾಲು ಇಳಿಯಿತು, ಊದಿದ ಕಾಲು, ಆಮೇಲೆ ಬೆತ್ತ, ಆಮೇಲೆ ಸುಧಾಕರ, ಇಷ್ಟು ದಪ್ಪವಾಗಿದ್ದಾನೆ, ಕೂದಲು ಬೆಳ್ಳಗಾಗಿದೆ, ನೀರಿನೊಳಗೆ ನಾನು ದಿನವೂ ಹಿಡಿಯುವ ತಲೆ ಬೇರೆ, ಕಪ್ಪು ಕೂದಲಿನದು, ಇದು ಯಾರದ್ದೋ ಅಜ್ಜನ ತಲೆಯ ಹಾಗಿದೆ, ಮೋಸ, ನನ್ನ ಹಗೆಯವನನ್ನು ಎಲ್ಲೋ ಬಚ್ಚಿಟ್ಟು ಈ ಮುದುಕನನ್ನು ಕಳಿಸಿದ್ದಾರೆ, ಅಲ್ಲ, ಇವನೇ, ನಗು ಅದೇ, ನಮ್ಮ ಸಾಲನ್ನು ನೋಡಿ ಹೋ ತುಕ್ರ, ಬದುಕಿದ್ದಿಯಾ ಇನ್ನೂ ಎಂದ, ತುಕ್ರಜ್ಜ ನಡೆಯುತ್ತಾ ಬಡಿಯುತ್ತಾ ಸೊಂಟವನ್ನೇ ಬಗ್ಗಿಸಿ ನಕ್ಕ, ನಿಮ್ಮ ದಯೆ ಧಣಿ, ದಯೆ, ಸಾಕ್ಷಿ ಹೇಳದ ಬಾಯಿಗೆ ಇನ್ನೇನು ಬರುತ್ತದೆ, ಬೆತ್ತ ಊರುತ್ತಾ ಅವನು, ಬಡಿಯುತ್ತಾ ನಾವು, ಎರಡೂ ಬದಿಯಲ್ಲಿ ಹುಡುಗ ಹುಡುಗಿಯರು ಹೂ ಎಸೆಯುತ್ತಾರೆ, ಕೆಲವು ನಮ್ಮ ಮುಂಡಾಸಿನ ಮೇಲೂ ಬೀಳುತ್ತವೆ — ಸಭಾಂಗಣದ ಒಳಗೆ ತಂಪು, ವೇದಿಕೆಯಲ್ಲಿ ಹಾರ ಹಾಕಿದ ದೊಡ್ಡ ಫೋಟೋ, ಯಾರದು, ಕಪ್ಪು ಕೋಟು, ಕೆಂಪು ಟೈ, ಗುರುತು ಸಿಗಲಿಲ್ಲ, ಆಮೇಲೆ ಸಿಕ್ಕಿತು, ಮಾವ, ಮಾವನಿಗೆ ಸ್ಟುಡಿಯೋದವರು ಕೋಟು ಹಾಕಿಸಿದ್ದಾರೆ, ಎಲ್ಲ ಸತ್ತವರಿಗೂ ಹಾಕುವ ಅದೇ ಕೋಟು, ಅದಾದರೂ ಇರಲಿ, ತಲೆಯನ್ನು ನೆಟ್ಟಗೆ ಮಾಡಿದ್ದಾರೆ, ವಾಲಿದ ತಲೆಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೆಟ್ಟಗೆ ನಿಲ್ಲಿಸಿದ್ದಾರೆ, ಏಟು ಬಿದ್ದೇ ಇಲ್ಲ ಎನ್ನುವ ಹಾಗೆ, ಆ ಕುತ್ತಿಗೆ ಈಗ ಯಾರ ಮಾತನ್ನೂ ಕೇಳಲು ಬಾಗುವುದಿಲ್ಲ.

ಸಾಕು, ಈಗ ನಿಲ್ಲಿಸಿ ಎಂದು ಮೇಡಂ ಕಣ್ಣಿನಲ್ಲೇ ಹೇಳಿದರು, ನಿಂತಿತು, ನಮ್ಮನ್ನು ವೇದಿಕೆಯ ಮೆಟ್ಟಿಲ ಪಕ್ಕ ಸಾಲಾಗಿ ನಿಲ್ಲಿಸಿದರು, ಕುರ್ಚಿ ಇಲ್ಲ, ಕಲಾವಿದರು ನಿಂತರೇ ಚೆಂದ, ಪ್ರಾರ್ಥನೆ, ಸ್ವಾಗತ, ದೀಪ, ಸುಧಾಕರನ ಮಂಡಿ ನೋವಿಗೆಂದು ಮೈಕನ್ನು ಮೇಜಿನ ಮೇಲೆ ಅವನ ಎದುರಿಗೇ ತಂದಿಟ್ಟರು, ಕೂತೇ ಮಾತಾಡ್ತೇನೆ, ಕ್ಷಮೆ ಇರಲಿ ಎಂದ, ಎಲ್ಲರೂ ಚಪ್ಪಾಳೆ, ಮಂಡಿ ನೋವಿಗೂ ಚಪ್ಪಾಳೆ, ತನಿಯ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ಮನೆಯವನೇ ಎಂದು ಸುರು ಮಾಡಿದ, ನಮ್ಮ ಗುಡ್ಡದಲ್ಲೇ ಇದ್ದವ, ಅವನ ಡೋಲು ಕೇಳಿಯೇ ನಾನು ದೊಡ್ಡವನಾದದ್ದು, ಅವನ ಡೋಲಿಲ್ಲದೆ ನಮ್ಮಲ್ಲಿ ಒಂದೇ ಒಂದು ಕಂಬಳ ಆದದ್ದಿಲ್ಲ — ಒಂದೇ ಒಂದು ಎನ್ನುವಾಗ ನಾಲಗೆ ತಡೆಯಲಿಲ್ಲ, ನಾನು ಕಾದೆ, ಸ್ವಲ್ಪವಾದರೂ ತಡೆಯುತ್ತದೆ ಎಂದು ಕಾದೆ, ಆ ಅಂಗೈಗೆ ನೆನಪಾಗಬೇಡವೇ, ಇವನು ಸುಳ್ಳು ಹೇಳುತ್ತಿಲ್ಲ, ಅದು ಇನ್ನೂ ಕೆಟ್ಟದ್ದು, ಇವನಿಗೆ ನಿಜವಾಗಿ ನೆನಪಿಲ್ಲ, ನಾನು ಒಂದು ದಿನ ತಪ್ಪದೆ ಹೊಳೆಯ ತಳಕ್ಕೆ ಹೊತ್ತುಕೊಂಡು ಹೋದದ್ದನ್ನು ಇವನು ಅದೇ ಸಂಜೆ ಕೈ ತೊಳೆಯುವಾಗ ಮರೆತಿದ್ದಾನೆ, ಕಂಬಳ ನೋಡಿದ್ದಾನೆ, ಊಟ ಮಾಡಿದ್ದಾನೆ, ಮುಂಬೈಗೆ ಬಸ್ಸು ಹತ್ತಿದ್ದಾನೆ — ಈಗಿನ ಕಾಲದಲ್ಲಿ ಕೆಲವರು ಡೋಲು ಬೇಡ ಅಂತ ಹೇಳ್ತಾರೆ, ಅದೆಲ್ಲ ಯಾರೋ ಹೊರಗಿನವರು ತಲೆಗೆ ತುಂಬಿಸುವುದು, ತನಿಯ ಇದ್ದಿದ್ರೆ ಒಪ್ತಿರ್ಲಿಲ್ಲ, ನಾನು ಈ ಮಕ್ಕಳಿಗೆ ಹೇಳುವುದು ಇಷ್ಟೇ, ಈ ಡೋಲು ಎಂದೂ ನಿಲ್ಲಬಾರದು, ಎಂದೂ. ಚಪ್ಪಾಳೆ. ನಿಲ್ಲಬಾರದಾ. ಸರಿ ಧಣಿ. ನೀವು ಹೇಳಿದ ಹಾಗೆ.

ಒಂದು ಮೆಟ್ಟಿಲು ಹತ್ತಿ ಬಡಿದೆ, ಚಪ್ಪಾಳೆಯ ಮೇಲೆಯೇ ಬಿತ್ತು ಮೊದಲ ಪೆಟ್ಟು, ಎಲ್ಲರೂ ಇದು ಕಾರ್ಯಕ್ರಮದ್ದೇ ಎಂದುಕೊಂಡರು, ಹಿಂದಿನ ಸಾಲಿನಿಂದ ಸಿಳ್ಳು, ಏ ಐತ ಏನಿದು ಎಂದು ತುಕ್ರಜ್ಜ ನನ್ನ ಶರ್ಟು ಹಿಡಿದ, ಕೊಡವಿದೆ, ಮತ್ತೊಂದು ಮೆಟ್ಟಿಲು, ಇದು ಮೆರವಣಿಗೆಯ ಬಡಿತ ಅಲ್ಲ, ಇದು ನನ್ನದು, ಹೊಳೆಯ ತಳದಲ್ಲಿ ಕಿವಿಯೊಳಗೆ ಬಡಿದುಕೊಳ್ಳುವ ರಕ್ತದ್ದು, ಉಸಿರು ಮುಗಿಯುವ ಮೊದಲು ಜೋರಾಗುತ್ತದಲ್ಲ ಅದು, ಮೇಡಂ ಮೊದಲು ನಕ್ಕರು, ಆಮೇಲೆ ತಲೆಯಾಡಿಸಿದರು, ಆಮೇಲೆ ಸಾಕು ಎಂದು ಕೈ ಮಾಡಿದರು, ನಾನು ನಿಮ್ಮ ಕಡೆ ನೋಡುವುದಿಲ್ಲ ಮೇಡಂ, ಧಣಿಗಳ ಅಪ್ಪಣೆಯಾಗಿದೆ, ನಿಲ್ಲಬಾರದು, ಸುಧಾಕರನ ಎಡಗಡೆಗೆ ಹೋಗಿ ನಿಂತೆ, ಡೋಲಿನ ಮುಖ ಅವನ ಕಿವಿಯ ಹತ್ತಿರ, ಕಿವಿಯಲ್ಲಿ ಬಿಳಿ ಕೂದಲು ಬೆಳೆದಿದೆ, ಸ್ನಾನದ ಸೋಪಿನ ಪರಿಮಳ, ಬಡಿದೆ, ಇದು ಮಾವ ನಿಂತಲ್ಲೇ ತಿರುಗಿದ್ದಕ್ಕೆ, ಇದು ಬೆಂಚಿನ ಮೇಲೆ ನಕ್ಕದ್ದಕ್ಕೆ, ಇದು ಕರೆಯದ ಹಾಜರಿಗೆ, ಇದು ಅಮ್ಮನ ಕೈಯಲ್ಲಿ ಮುರಿದ ಬೀಳಲಿಗೆ, ಮುಖ ಕಿವುಚು, ಕೈ ಎತ್ತು, ಸಾಕು ಅನ್ನು, ಅನ್ನು — ಅವನು ನಗುತ್ತಾನೆ, ಭಲೇ ಎನ್ನುತ್ತಾನೆ, ತಲೆದೂಗುತ್ತಾನೆ, ಕೆಳಗೆ ಹುಡುಗರು ಕುರ್ಚಿ ಸರಿಸಿ ಕುಣಿಯಲು ಸುರು ಮಾಡಿದ್ದಾರೆ, ಹುಡುಗಿಯರು ಕೈ ತಟ್ಟುತ್ತಾರೆ, ಕಾಲೇಜಿಗೆ ಕಾಲೇಜೇ ಕುಣಿಯುತ್ತದೆ ನನ್ನ ಸಿಟ್ಟಿಗೆ, ಮೇಜಿನ ಮೇಲೆ ಸುಧಾಕರನ ಬೆರಳು ತಾಳ ಹಾಕುತ್ತದೆ, ಬಲಗೈಯ ನಾಲ್ಕು ಬೆರಳು, ಒಂದರಲ್ಲಿ ಹಸಿರು ಕಲ್ಲಿನ ಉಂಗುರ, ಏಳುತ್ತದೆ, ಬೀಳುತ್ತದೆ, ನನ್ನ ಪೆಟ್ಟಿಗೆ ಸರಿಯಾಗಿ, ಜೋರು ಮಾಡಿದೆ, ಬೆರಳೂ ಜೋರಾಯಿತು, ಲಯ ಮುರಿದೆ, ಒಂದು ಪೆಟ್ಟು ಬಿಟ್ಟು ಮತ್ತೊಂದಕ್ಕೆ ಹಾರಿದೆ, ಬ್ಯಾರಿಗಳ ದಫ್ಫಿನ ಪೆಟ್ಟು ಹಾಕಿದೆ, ಹೆಣದ ಪೆಟ್ಟು ಹಾಕಿದೆ, ಬೆರಳು ಕ್ಷಣ ತಡೆದು ಅದನ್ನೂ ಹಿಡಿಯಿತು, ಹಿಡಿದು ಕುಣಿಯಿತು, ನಾನು ಅವನ ಕಿವಿ ಹರಿಯುತ್ತಿದ್ದೇನೋ ಅವನಿಗೆ ಸೇವೆ ಮಾಡುತ್ತಿದ್ದೇನೋ, ಕೋಲಿಗೆ ತುದಿ ಉಂಟು, ಒಂದು ಚುಚ್ಚು ಸಾಕು, ಈ ಬಿಳಿ ಕೂದಲಿನ ತೂತಿಗೆ, ಕೋಲು ಹಿಡಿದ ಬೆರಳು ಬಿಗಿಯಾಯಿತು, ಉಂಗುರದ ಬೆರಳು ಮೇಲೆ, ಕೆಳಗೆ — ಅವನ ತಲೆಯ ಹಿಂದೆ ಫೋಟೋ, ಕೋಟಿನೊಳಗೆ ಮಾವ, ನೆಟ್ಟಗಿನ ಕುತ್ತಿಗೆ, ನೇರ ನನ್ನನ್ನೇ ನೋಡುತ್ತಾನೆ, ಡೋಲು ಹಾಕಿದ ನನ್ನನ್ನು, ಅವನ ಹೆಸರಿನಲ್ಲಿ ಕರೆದರು, ಅವನ ಮುಂದೆ ಬಡಿಯುತ್ತಿದ್ದೇನೆ, ನಮಗೆ ಬೇಕಾದಾಗ ಎಂದಿದ್ದ, ನನಗೆ ಬೇಕಾಗಿತ್ತು ಮಾವ, ನಿನಗಾಗಿ, ನಿನ್ನ ಕಿವಿಗಾಗಿ, ಆದರೆ ಬೇಕು ಎಂದು ಹೇಳುವ ಮೊದಲು ಕರೆದವರು ಅವರೇ ಅಲ್ಲವೇ, ನನ್ನ ಸೇಡಿಗೂ ಅವರೇ ದಿನ ಹೇಳಿದರು, ಹೊತ್ತು ಹೇಳಿದರು, ಮುಂಡಾಸು ಕೊಟ್ಟರು.

ನಿಲ್ಲಿಸಿದೆ. ಕೋಲು ಗಾಳಿಯಲ್ಲಿ ಎತ್ತಿ ಹಾಗೆಯೇ ಹಿಡಿದೆ, ಬರಬೇಕಾದ ಮುಂದಿನ ಪೆಟ್ಟು ಬೀಳಲಿಲ್ಲ, ಕುಣಿಯುವವರ ಕಾಲು ಎಡವಿತು, ಚಪ್ಪಾಳೆ ದಾರಿ ತಪ್ಪಿ ಒಂದೊಂದೇ ಉದುರಿ ಸತ್ತಿತು, ಸಭಾಂಗಣದಲ್ಲಿ ಫ್ಯಾನಿನ ಸದ್ದೂ ಕೇಳುತ್ತದೆ, ಹಗ್ಗವನ್ನು ಕುತ್ತಿಗೆಯಿಂದ ಎತ್ತಿದೆ, ತಲೆಯ ಮುಂಡಾಸೂ ಅದರ ಜೊತೆ ಬಂತು, ಡೋಲನ್ನು ಸುಧಾಕರನ ಕಾಲ ಬುಡದಲ್ಲಿ, ಬೆತ್ತದ ಪಕ್ಕ, ಮೆಲ್ಲ ಇಟ್ಟೆ — ಆಗ ಕೇಳಿತು, ಟಕ್ ಟಕ ಟಕ್, ಎಲ್ಲಿಂದ, ಮೇಲಿಂದ, ಎರಡೂ ಬದಿಯ ದೊಡ್ಡ ಸ್ಪೀಕರಿನಿಂದ, ಟಕ್ ಟಕ ಟಕ್, ಹುಡುಗರು ತಲೆ ಎತ್ತಿ ನೋಡಿದರು, ಮೇಡಂ ನೋಡಿದರು, ತುಕ್ರಜ್ಜ ಮುಂಡಾಸು ಮೇಲೆ ಸರಿಸಿ ನೋಡಿದ, ನಾನು ನೋಡಿದೆ, ಮೇಜಿನ ಮೇಲೆ, ಮೈಕಿನ ಬುಡದಲ್ಲಿ, ಸುಧಾಕರನ ಬೆರಳು, ಕಣ್ಣು ಮುಚ್ಚಿದ್ದಾನೆ, ಕಿವಿಯೊಳಗೆ ಇನ್ನೂ ಅದೇ ಬಡಿತ ಇರಬೇಕು, ಡೋಲು ನಿಂತದ್ದು ಅವನಿಗೆ ಗೊತ್ತಿಲ್ಲ, ಬಡಿಯುತ್ತಿದ್ದಾನೆ, ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು, ಯಾರೂ ಅವನಿಗೆ ಸಾಕು ಎನ್ನುವುದಿಲ್ಲ, ನಾನೂ ಅನ್ನುವುದಿಲ್ಲ, ಅಷ್ಟು ಜನರ ನಡುವೆ ಈಗ ಬಡಿಯುವವನು ಅವನೊಬ್ಬನೇ, ಬಡಿ ಧಣಿ, ಬಡಿ, ಹಸಿರು ಕಲ್ಲಿನ ಬೆರಳು ಏಳುತ್ತದೆ, ಬೀಳುತ್ತದೆ, ಏಳುತ್ತದೆ, ಬೀಳುತ್ತದೆ, ಆ ಬೆರಳು, ಆ ಬೆರಳು